ದೂರದವರು ಮೊದಲು

ಆಟದ ನಿಯಮ ಕಷ್ಟದ್ದಲ್ಲ. ಮೊದಲ ಸರದಿಯವರು ಸ್ಕೇಟ್‌ಬೋರ್ಡಿನ ಮೇಲೆ ಒಂದು ಟ್ರಿಕ್ ಮಾಡಿ ತೋರಿಸಬೇಕು. ಅವರು ಬೀಳದೆ ಇಳಿದರೆ ಉಳಿದವರು ಒಬ್ಬೊಬ್ಬರಾಗಿ ಅದನ್ನೇ ಮಾಡಬೇಕು. ಮಾಡಲಾಗದವರಿಗೆ ಒಂದು ತಪ್ಪು. ಐದು ತಪ್ಪಾದರೆ ಹೊರಗೆ. ತೋರಿಸುವವರು ತಾವೇ ಎಡವುವ ತನಕ ಹೊಸ ಹೊಸ ಟ್ರಿಕ್ ತೋರಿಸುತ್ತ ಹೋಗಬಹುದು. ಎಡವಿದರೆ ಅವರಿಗೆ ತಪ್ಪು ಬೀಳುವುದಿಲ್ಲ, ಸರದಿ ಮುಂದಿನವರಿಗೆ ಹೋಗುತ್ತದೆ, ಅಷ್ಟೆ. ಒಮ್ಮೆ ಆದ ಟ್ರಿಕ್ ಆ ಆಟದಲ್ಲಿ ಮತ್ತೆ ಬರುವಂತಿಲ್ಲ. ಕೊನೆಗೆ ಉಳಿದವರು ಗೆದ್ದಂತೆ.

ಯಾರು ಮೊದಲು ಎನ್ನುವುದಕ್ಕೆ ಮಾತ್ರ ನಿಯಮ ಇರಲಿಲ್ಲ. ರೂಢಿ ಇತ್ತು.

ವಿಜಯಪುರದ ಜಲನಗರದ ಹಿಂದೆ, ಮುಚ್ಚಿಹೋದ ಒಂದು ಬೀಜದ ಗೋದಾಮಿನ ಸಿಮೆಂಟ್ ಅಂಗಳದಲ್ಲಿ ಡಿಸೆಂಬರಿನಿಂದ ನಾಲ್ವರು ಭಾನುವಾರಗಳಂದು ಆಡುತ್ತಿದ್ದರು. ಅನೂಪನ ಮನೆ ಪಕ್ಕದ ಓಣಿಯಲ್ಲೇ ಇತ್ತು. ಇಪ್ಪತ್ತೆರಡು ವರ್ಷದ ಅವನು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ. ಗೋದಾಮಿನ ಮಾಲೀಕರ ಒಪ್ಪಿಗೆ ತಂದವನೂ ಅವನೇ ಆದ್ದರಿಂದ ಅಂಗಳಕ್ಕೆ ತಾನು ಮನೆಯವನು ಎಂದು ತಿಳಿದಿದ್ದ. ಧನಶ್ರೀ ಸಿದ್ಧೇಶ್ವರ ಗುಡಿಯ ಹತ್ತಿರದ ಒಂದು ಫೋಟೊ ಸ್ಟುಡಿಯೊದಲ್ಲಿ ಕೆಲಸ ಮಾಡುತ್ತಿದ್ದಳು, ಸ್ಕೂಟಿಯಲ್ಲಿ ಬರುತ್ತಿದ್ದಳು. ಹೀನಾ ತಿಕೋಟಾದಿಂದ ಬಸ್ಸಿನಲ್ಲಿ ಬರಬೇಕು. ಬಬಲೇಶ್ವರದ ಹತ್ತಿರದ ಜೈನಾಪುರದಲ್ಲಿ ದ್ರಾಕ್ಷಿ ತೋಟ ನೋಡಿಕೊಂಡಿದ್ದ ಸಿದ್ದರಾಯನದು ಎಲ್ಲರಿಗಿಂತ ದೂರದ ದಾರಿ.

ಮೊದಲ ಆಟದ ಸಂಜೆ ಸಿದ್ದರಾಯನಿಗೆ ಬಸ್ಸು ತಪ್ಪಬಾರದೆಂದು ಅನೂಪ, "ನೀವು ದೂರದಿಂದ ಬಂದೀರಿ, ನೀವ ಮೊದಲ ಮಾಡ್ರಿ" ಎಂದಿದ್ದ. ಅವನ ನಂತರ ದೂರದವಳು ಹೀನಾ, ಆಮೇಲೆ ಧನಶ್ರೀ, ಕೊನೆಗೆ ಅನೂಪ. ಸಾಲು ಹಾಗೇ ಉಳಿಯಿತು. ಜನವರಿಯಲ್ಲಿ ಸಿದ್ದರಾಯ ಮೋಟರ್‌ಸೈಕಲ್ ಕೊಂಡ. ಮಾರ್ಚಿನಲ್ಲಿ ಬಿಸಿಲು ಏರಿ ಆಟ ಬೆಳಿಗ್ಗೆ ಏಳಕ್ಕೆ ಬಂತು. ಬೆಳಿಗ್ಗೆ ಏಳಕ್ಕೆ ತಪ್ಪಿಹೋಗುವ ಕೊನೆಯ ಬಸ್ಸು ಯಾವ ಊರಿಗೂ ಇಲ್ಲ. ಆದರೂ ದೂರದವರು ಮೊದಲು.

ಇದು ಹೀನಾಳಿಗೆ ನಾಲ್ಕು ತಿಂಗಳು ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದದ್ದು ಏಪ್ರಿಲ್‌ನಲ್ಲಿ, ಶಂಕ್ರೆಪ್ಪ ಮಾಸ್ತರರಿಗೆ ಹುಬ್ಬಳ್ಳಿಯ ಒಂದು ಕ್ರೀಡಾ ಸಂಸ್ಥೆಯಿಂದ ಪತ್ರ ಬಂದಾಗ. ಮೂವತ್ತೊಂದು ವರ್ಷ ದೈಹಿಕ ಶಿಕ್ಷಕರಾಗಿದ್ದು, ಸೈಕಲ್ ಓಟಗಾರರನ್ನು ತಯಾರು ಮಾಡಿ ನಿವೃತ್ತರಾದ ಶಂಕ್ರೆಪ್ಪ ಈ ಗುಂಪಿನ ಪಂಚರು, ಗೆಲುವಿನ ಪಟ್ಟಿ ಇಡುವವರು. ಪತ್ರದಲ್ಲಿ ಹೀಗಿತ್ತು: ಜೂನ್ ಹತ್ತರಿಂದ ಏಳು ದಿನ ತರಬೇತಿ, ಇಳಿಜಾರು, ಬಾಗು ಗೋಡೆ, ಕಬ್ಬಿಣದ ಕಂಬಿ ಎಲ್ಲ ಇರುವ ನಿಜವಾದ ಸ್ಕೇಟ್ ಅಂಗಳದಲ್ಲಿ. ಜಿಲ್ಲೆಗೆ ಒಬ್ಬರು. ವಯಸ್ಸು ಇಪ್ಪತ್ನಾಲ್ಕು ಮೀರಿರಬಾರದು.

ಹೀನಾಳಿಗೆ ಆಗಸ್ಟ್‌ನಲ್ಲಿ ಇಪ್ಪತ್ತೈದು ತುಂಬುತ್ತಿತ್ತು. ಅವಳು ಬೋರ್ಡಿನ ಮೇಲೆ ನಿಂತದ್ದು ಈವರೆಗೆ ಎರಡೇ ಕಡೆ: ಈ ಅಂಗಳ, ಮತ್ತು ತಿಕೋಟಾದಲ್ಲಿ ತಂದೆ ದಾದಾಸಾಬರ ಒಣದ್ರಾಕ್ಷಿ ಶೆಡ್ಡಿನ ಗಚ್ಚು. ಹಂಗಾಮಿನಲ್ಲಿ ಅದೂ ಸಿಗದು. ಎರಡೂ ಸಪಾಟು. ಇಳಿಜಾರಿನಲ್ಲಿ ಬೋರ್ಡು ಹೇಗೆ ಓಡುತ್ತದೆ ಎನ್ನುವುದನ್ನು ಅವಳು ಫೋನಿನಲ್ಲಿ ನೋಡಿ ಬಲ್ಲಳು. ಹುಬ್ಬಳ್ಳಿಗೆ ಹೋಗುವುದಾದರೆ ಈ ವರ್ಷ, ಇಲ್ಲವಾದರೆ ಇಲ್ಲ. ಜೂನ್ ಒಂದಕ್ಕೆ ಪಟ್ಟಿಯಲ್ಲಿ ಮೇಲಿದ್ದವರ ಹೆಸರು ಕಳಿಸುವುದೆಂದು ಮಾಸ್ತರರು ಹೇಳಿದ್ದರು. ಮೇಲಿದ್ದವನು ಸಿದ್ದರಾಯ. ಅವನಿಗೆ ಇಪ್ಪತ್ತಮೂರು.

ಹೀನಾ ಜಲನಗರದ ಒಂದು ದವಾಖಾನೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಸಂಶಯದ ಫಲಿತಾಂಶ ಬಂದರೆ ಮಾದರಿಯನ್ನು ಇನ್ನೊಮ್ಮೆ ಓಡಿಸುವುದು ಅವಳ ದಿನದ ಕೆಲಸ. ಹಾಗಾಗಿ ಮಾಸ್ತರರ ಪಟ್ಟಿಯನ್ನು ಮನೆಗೆ ಒಯ್ದು ಕೂತಳು.

ಮೇ ನಾಲ್ಕರ ಭಾನುವಾರ, ಎರಡೂ ಆಟ ಮುಗಿದು ಎಲ್ಲರೂ ಗೋದಾಮಿನ ಕಟ್ಟೆಯ ಮೇಲೆ ನೀರು ಕುಡಿಯುತ್ತಿದ್ದಾಗ, ನೋಟ್‌ಬುಕ್ ತೆಗೆದಳು.

"ನಲವತ್ತ ಆಟ ಆಗ್ಯಾವ. ಮೊದಲ ನಿಂತವರು ಗೆದ್ದದ್ದು ಇಪ್ಪತ್ತಮೂರು. ಉಳದವರೆಲ್ಲಾ ಕೂಡಿ ಹದಿನೇಳು."

"ಮೊದಲ ನಿಂತವರು ಅಂದ್ರ ಯಾರು? ನಾನ," ಎಂದ ಸಿದ್ದರಾಯ. "ಚೊಲೋ ಆಡತೇನಿ, ಅದಕ್ಕ ಗೆಲ್ಲತೇನಿ. ಇದಕ್ಕ ಪುಸ್ತಕ ಯಾಕ ಬೇಕ ಬೇ?"

"ಮೊದಲ ನಿಂತಾಗ ಮೂವತ್ತರಾಗ ಹದಿನೇಳ ಗೆದ್ದಿ. ಒಂದ ಐತವಾರ ತಡಾ ಮಾಡಿ ಬಂದು ಕಡೀಕ ನಿಂತಿದ್ದಿ. ಎರಡೂ ಸೋತಿ."

"ಅವತ್ತ ಗಾಡಿ ಪಂಕ್ಚರ್ ಆಗಿತ್ತು. ಮನಸ್ಸ ಸರಿ ಇರಲಿಲ್ಲ."

"ಮನಸ್ಸಿಗೂ ಪಂಕ್ಚರ್ ಆಗಿತ್ತೇನ?" ಎಂದಳು ಧನಶ್ರೀ.

"ನೋಡು," ಎಂದಳು ಹೀನಾ. "ಮೊದಲ ನಿಂತವ ತನಗ ಬರೂವೆಲ್ಲಾ ಮಾಡಿ ತೋರಸತಾನ. ನನ್ನ ಸರದಿ ಬರೂದ್ರಾಗ ನನಗ ಎರಡ ತಪ್ಪ ಬಿದ್ದಿರತಾವ. ಅನೂಪನ ಹತ್ರ ಬರೂದ್ರಾಗ ನಾಕ. ಇದು ಆಟ ಅಲ್ಲ."

"ಬಸ್ಸಿನ ಸಲುವಾಗಿ ಹಂಗ ಮಾಡಿದ್ದು," ಎಂದ ಅನೂಪ.

"ಯಾವ ಬಸ್ಸು? ಗಾಡಿ ತಗೊಂಡು ನಾಕ ತಿಂಗಳಾತು. ಬಸ್ಸ ಇದ್ದಾಗರ ಏನಿತ್ತು? ಮೊದಲ ಆಡಿದವ ಮೊದಲ ಮನಿಗೆ ಹೋಗತಾನೇನು? ಆಟ ಮುಗದ ಮ್ಯಾಲೆ ಎಲ್ಲಾರೂ ಕೂಡೇ ಹೋಗೂದಲ್ಲ?"

ಇದನ್ನು ಈವರೆಗೆ ಯಾರೂ ಯೋಚಿಸಿರಲಿಲ್ಲ. ಧನಶ್ರೀ ಬಾಟಲಿಯ ಮುಚ್ಚಳ ಹಾಕುತ್ತಿದ್ದವಳು ಅಲ್ಲೇ ನಿಲ್ಲಿಸಿದಳು. ಶಂಕ್ರೆಪ್ಪ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು.

"ಹಂಗಂದ್ರೂ," ಎಂದ ಅನೂಪ ನಿಧಾನವಾಗಿ, "ಮನಿಗೆ ಬಂದವರನ್ನ ಹಿಂದ ನಿಲ್ಲಿಸಿ ನಾ ಮುಂದ ಹೋಗೂದು ಸರಿ ಕಾಣೂದಿಲ್ರಿ. ನನಗ ಏನೂ ತ್ರಾಸ ಇಲ್ಲ. ನಾ ಕಡೀಕ ಇರತೇನಿ."

"ಇದು ನಿನ್ನ ಮನಿ ಅಲ್ಲ ಅನೂಪ. ಗೋಡೌನ್ ಐತಿ."

"ಆದ್ರೂ ರಿ."

ಎಲ್ಲರಿಗಿಂತ ಹೆಚ್ಚು ಅನ್ಯಾಯವಾದವನು ಅವನು. ನಲವತ್ತರಲ್ಲಿ ಗೆದ್ದದ್ದು ನಾಲ್ಕು. ತನಗೆ ತ್ರಾಸ ಇಲ್ಲ ಎಂದು ಅವನೇ ಹೇಳಿದಮೇಲೆ ಹೀನಾಳ ಮಾತಿಗೆ ಅರ್ಧ ಬಲ ಹೋಯಿತು. ಅವಳು ಅವನನ್ನು ಸಿದ್ದರಾಯನಿಗಿಂತ ಹೆಚ್ಚು ಸಿಟ್ಟಿನಿಂದ ನೋಡಿದಳು.

ಮಾಸ್ತರರು ಕೊನೆಗೆ ಹೇಳಿದರು: "ಹಂಗಾಮ ನಡಬರಕ ಐತಿ. ನಾ ಒಬ್ಬಾವ ಬದಲ ಮಾಡಿದ್ರ ತಪ್ಪಾಗತೈತಿ. ನಾಕೂ ಮಂದಿ ಒಪ್ಪಿದ್ರ ಬದಲ ಮಾಡೂಣು."

ನಾಲ್ವರೂ ಒಪ್ಪುವುದು ಎಂದರೆ ಸಿದ್ದರಾಯ ಒಪ್ಪುವುದು.

ಆ ರಾತ್ರಿಯಲ್ಲ, ಮರುದಿನ ಕೆಲಸದಿಂದ ಬಂದು ಚಹಾ ಕುಡಿಯುತ್ತ ಹೀನಾ ಒಂದು ಸೂತ್ರ ಹಾಕಿದಳು. ಮೊದಲು ನಿಂತು ಗೆದ್ದದ್ದಕ್ಕೆ ಅರ್ಧ ಅಂಕ, ಉಳಿದ ಗೆಲುವಿಗೆ ಪೂರ್ತಿ. ಸಿದ್ದರಾಯನ ಹದಿನೇಳೂ ಮೊದಲು ನಿಂತು ಗೆದ್ದವು: ಎಂಟೂವರೆ. ಅವಳವು ಹನ್ನೆರಡು. ಸಿದ್ದರಾಯ ದ್ರಾಕ್ಷಿ ಕೊಯ್ಲಿಗೆಂದು ಬಾರದ ನಾಲ್ಕು ಭಾನುವಾರ ಮತ್ತು ತಡವಾಗಿ ಬಂದ ಒಂದು ಭಾನುವಾರ ಅವಳೇ ಮೊದಲು ನಿಂತಿದ್ದಳು. ಆ ಹತ್ತು ಆಟದಲ್ಲಿ ಆರು, ಉಳಿದ ಮೂವತ್ತರಲ್ಲಿ ಆರು. ಮೂರು ಮತ್ತು ಆರು, ಒಂಬತ್ತು.

ತಾಯಿ ಸುರೈಯಾ ಪಕ್ಕದಲ್ಲಿ ಒಣದ್ರಾಕ್ಷಿಯ ಕಡ್ಡಿ ಆರಿಸುತ್ತಿದ್ದವರು ಹಾಳೆಯ ಕಡೆ ಬಗ್ಗಿ ನೋಡಿದರು.

"ಇದರಾಗ ನೀನ ಮ್ಯಾಲ ಬಂದಿಯಲ್ಲ."

"ಅದು ಸೂತ್ರ ಹಾಕಿದ್ರ ಹಂಗ ಬರತೈತಿ."

"ಸೂತ್ರ ಹಾಕಿದವರು ಯಾರು?"

ಹೀನಾ ಹಾಳೆ ಮಡಚಿದಳು. ಸೂತ್ರ ಹಾಕುವಾಗ ಫಲ ಏನು ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾದಮೇಲೆ ಬದಲಿಸಲೂ ಇಲ್ಲ.

ಬುಧವಾರ ಅರ್ಧ ದಿನದ ರಜೆ ಹಾಕಿ ಬಬಲೇಶ್ವರದ ಬಸ್ಸು ಹತ್ತಿದಳು. ಅಲ್ಲಿಂದ ಜೈನಾಪುರಕ್ಕೆ ಟಂಟಂ ಆಟೊ. ಸಿದ್ದರಾಯ ಫೋನಿನಲ್ಲಿ ಮನೆಗೆ ಬಾ ಎಂದಿರಲಿಲ್ಲ, ಕಾಲುವೆಗೆ ಬಾ ಎಂದಿದ್ದ. ಮಳೆಗಾಲಕ್ಕೆ ಮೊದಲು ಕಾಲುವೆಯಲ್ಲಿ ನೀರಿಲ್ಲ. ಎರಡೂ ಬದಿಗೆ ಸಿಮೆಂಟ್ ಹಾಕಿದ ಇಳಿಜಾರು, ತಳ ಸಪಾಟು. ಸಿದ್ದರಾಯ ಈಚೆ ದಂಡೆಯಿಂದ ಬೋರ್ಡಿನ ಮೇಲೆ ಇಳಿದು, ತಳ ದಾಟಿ, ಆಚೆ ದಂಡೆ ಅರ್ಧ ಏರಿ, ಅಲ್ಲೇ ತಿರುಗಿ ವಾಪಸ್ ಬರುತ್ತಿದ್ದ. ಮೇಲೆ ಬೇವಿನ ನೆರಳಿನಲ್ಲಿ ಕೂತಿದ್ದ ಇಬ್ಬರು ಮುದುಕರು ಇದನ್ನು ದಿನಾ ನೋಡುವವರಂತೆ ಬೇರೆ ಏನೋ ಮಾತಾಡುತ್ತಿದ್ದರು.

"ಇಳದ ನೋಡು," ಎಂದ.

ಹೀನಾ ಬೋರ್ಡು ಇಟ್ಟಳು, ಕಾಲಿಟ್ಟಳು, ಎರಡು ಮಾರು ಹೋಗುವುದರಲ್ಲಿ ಬೋರ್ಡು ಅವಳನ್ನು ಬಿಟ್ಟು ಮುಂದೆ ಹೋಯಿತು. ಉಳಿದ ದಾರಿ ಕೂತೇ ಜಾರಿದಳು. ಮುದುಕರು ಮಾತು ನಿಲ್ಲಿಸಿದರು.

"ಹುಬ್ಬಳ್ಳ್ಯಾಗ ಬರೇ ಇಂಥಾದ್ದ ಇರತೈತಿ," ಎಂದ ಸಿದ್ದರಾಯ. "ನೀ ಹೋಗಿ ಏನ ಮಾಡ್ತಿ? ನನಗ ಇದು ಬರತೈತಿ."

"ಬರತೈತಿ ಅಂದ್ರ ನೀ ಯಾಕ ಹೋಗಬೇಕು? ಅದು ಕಲಿಯಾಕ ಹೋಗೂ ಜಾಗಾ."

ಸಿದ್ದರಾಯನಿಗೆ ನಗು ಬಂತು. ದಂಡೆಯ ಮೇಲೆ ಕೂತ. "ತಾ ನಿನ್ನ ಪುಸ್ತಕ."

ಅವನು ಸಾವಕಾಶವಾಗಿ ಓದಿದ. ತೋಟದವನು, ಪೆಟ್ಟಿಗೆ ಎಣಿಸಿ ರೂಢಿ. ಸೂತ್ರದ ಹಾಳೆಗೆ ಬಂದಾಗ ಅವನ ಬೆರಳು ನಿಂತಿತು.

"ಎಂಟೂವರಿ ನಂದು. ಒಂಬತ್ತ ನಿಂದು."

"ಹೂಂ."

"ಅರ್ಧಾ ಗೆಲವು ಅಂದ್ರ ಹೆಂಗಿರತೈತಿ ಬೇ? ಅರ್ಧಾ ಮಂದಿ ಸೋತಿರತಾರೇನು?"

"ಅದೊಂದು ರೀತಿ. ಬ್ಯಾರೆ ರೀತಿ ಇದ್ರ ನೀ ಹೇಳು."

"ನೀ ಮೊದಲ ನಿಂತಾಗ ಹತ್ತರಾಗ ಆರ. ಎರಡನೇದಾಗಿ ನಿಂತಾಗ ಮೂವತ್ತರಾಗ ಆರ." ಅವನು ಪುಸ್ತಕ ಮುಚ್ಚಿದ. "ನಿನ್ನ ಮಾತ ಖರೆ ಐತಿ ಅನ್ನೂದಕ್ಕ ನನ್ನ ಗೆಲವು ಸಾಕ್ಷಿ ಅಲ್ಲ, ನಿಂದ ಸಾಕ್ಷಿ. ಹಂಗಾದ್ರ ನನ್ನ ಹದಿನೇಳ ತಗದ ಒಗಿ, ನಿನ್ನ ಹನ್ನೆರಡೂ ತಗದ ಒಗಿ. ಎಲ್ಲಾರದೂ ಸೊನ್ನಿ. ಹನ್ನೊಂದನೇ ತಾರೀಖಿಂದ ಹೊಸಾದು. ಹಂಗಿದ್ರ ಒಪ್ಪತೇನಿ."

"ನನ್ನ ಹನ್ನೆರಡರಾಗ ಆರ ಎರಡನೇದಾಗಿ ನಿಂತು ಗೆದ್ದದ್ದು. ಅವು ಯಾಕ ಹೋಗಬೇಕು?"

"ಅನೂಪನ ಮುಂದ ನಿಂತು ಗೆದ್ದದ್ದು. ಅವ ಯಾವಾಗೂ ಕಡೀಕ ಇದ್ದ."

ಹೀನಾ ಪುಸ್ತಕ ವಾಪಸ್ ತೆಗೆದುಕೊಂಡಳು. ಐದು ತಿಂಗಳು ಬಸ್ಸಿನಲ್ಲಿ ನಿಂತು ಬಂದು ಗೆದ್ದ ಹನ್ನೆರಡು ಆಟವನ್ನು, ತಾನೇ ಎಣಿಸಿ ತಂದ ಪುಸ್ತಕದಿಂದ, ಒಬ್ಬ ದ್ರಾಕ್ಷಿ ಬೆಳೆಯುವವನು ಐದು ನಿಮಿಷದಲ್ಲಿ ತೆಗೆದುಹಾಕಿದ್ದ. ತೆಗೆದದ್ದು ಸರಿಯಾಗಿಯೂ ಇತ್ತು. ಅದು ಅವಳಿಗೆ ಹೆಚ್ಚು ಕಿರಿಕಿರಿ ಎನಿಸಿತು.

"ಆತು," ಎಂದಳು. "ನಾಕ ಐತವಾರ, ಎಂಟ ಆಟ. ಒಬ್ಬೊಬ್ರು ಎರಡೆರಡ ಸಲ ಮೊದಲ."

"ಆತು. ಇನ್ನೊಮ್ಮೆ ಇಳೀತಿಯೇನು?"

"ಬ್ಯಾಡ."

ಉಳಿದಿಬ್ಬರೂ ಒಪ್ಪಿದಮೇಲೆ, ಹನ್ನೊಂದರ ಬೆಳಿಗ್ಗೆ ಮಾಸ್ತರರು ನಾಲ್ಕು ಚೀಟಿ ಮಾಡಿ ತಂದರು. ಧನಶ್ರೀ ಒಂದನೆಯವಳು, ಅನೂಪ ಎರಡು, ಸಿದ್ದರಾಯ ಮೂರು, ಹೀನಾ ನಾಲ್ಕು. ಮೊದಲ ಆಟ ಧನಶ್ರೀಯಿಂದ ಶುರು, ಎರಡನೆಯದು ಅನೂಪನಿಂದ, ಹೀಗೆ ಸಾಲು ತಿರುಗುತ್ತ ಹೋಗಬೇಕು. ಮೊದಲ ಆಟ ಹೀನಾ ಗೆದ್ದಳು, ನಾಲ್ಕನೆಯವಳಾಗಿ ನಿಂತು. ಅವಳಿಗೆ ಹುರುಪು ಬಂತು. ಬೂಟಿನ ಲಾಡಿ ಹರಿದಿತ್ತೆಂದು ಕಟ್ಟೆಯ ಮೇಲೆ ಕೂತು ಗಂಟು ಹಾಕಿ ತಲೆ ಎತ್ತುವುದರಲ್ಲಿ ಎರಡನೇ ಆಟ ಶುರುವಾಗಿ ಸಿದ್ದರಾಯ ಎರಡು ಟ್ರಿಕ್ ಮುಗಿಸಿದ್ದ.

"ಇದು ಅನೂಪನ ಸರದಿ," ಎಂದಳು.

"ಹೌದು. ಅವನ ಕೊಟ್ಟ," ಎಂದ ಸಿದ್ದರಾಯ.

"ಕೊಟ್ಟ ಅಂದ್ರ?"

ಅನೂಪ ಬೋರ್ಡನ್ನು ಎದೆಗೆ ಹಿಡಿದುಕೊಂಡು ಕೊನೆಯಲ್ಲಿ ನಿಂತಿದ್ದ. "ಅಷ್ಟ ದೂರದಿಂದ ಬಂದಾರ್ರಿ. ಅವರು ನಿಂತು ನೋಡಾಕತ್ರ ನನಗ ಕಾಲ ಏಳಲಿಲ್ಲ. ನೀವ ಹೋಗ್ರಿ ಅಂದೆ."

ಹೀನಾ ಮಾಸ್ತರರ ಕಡೆ ತಿರುಗಿದಳು. ಮಾಸ್ತರರು ತಮ್ಮ ಹಾಳೆಯಲ್ಲಿ ಸಿದ್ದರಾಯನ ಹೆಸರಿನ ಮುಂದೆ ಎರಡು ಟ್ರಿಕ್ ಬರೆದುಕೊಂಡಿದ್ದರು. ಅವರಿಗೂ ಇದರಲ್ಲಿ ವಿಚಿತ್ರ ಕಂಡಿರಲಿಲ್ಲ.

"ಸರ್, ಚೀಟಿ ಯಾಕ ಎತ್ತಿದಿವ್ರಿ?"

"ಅಂವಾ ತಾನಾಗೇ ಕೊಟ್ಟನವ್ವ. ಕಸಗೊಂಡಿಲ್ಲಲ್ಲ."

"ನಾ ಜೈನಾಪುರತನಾ ಹೋಗಿ, ಕಾಲುವ್ಯಾಗ ಜಾರಿ ಬಿದ್ದು, ನನ್ನ ಹನ್ನೆರಡ ಗೆಲವು ಬಿಟ್ಟಕೊಟ್ಟು ಬಂದೇನ್ರಿ. ಇವ ನೀವ ಹೋಗ್ರಿ ಅಂತಾನ. ಹುಬ್ಬಳ್ಳಿಗೆ ಇವನ ಬದಲಿ ಆ ಚೀಟಿ ಕಳಸ್ರಿ."

ಧನಶ್ರೀ ನಗು ತಡೆಯಲಾಗದೆ ಗೋಡೆಯ ಕಡೆ ಮುಖ ಮಾಡಿದಳು. ಅನೂಪ ನಿಜವಾಗಿಯೂ ಗಾಬರಿಯಾಗಿದ್ದ. ಯಾರಿಗೋ ಒಳ್ಳೆಯದು ಮಾಡಿ ಬೈಸಿಕೊಳ್ಳುತ್ತಿರುವುದು ಯಾಕೆಂದು ಅವನಿಗೆ ತಿಳಿಯಲಿಲ್ಲ.

ಮಾಸ್ತರರು ಆ ಆಟವನ್ನು ರದ್ದು ಮಾಡಿದರು. ಪಟ್ಟಿಯ ಹಿಂದೆ ಹೊಸ ನಿಯಮ ಬರೆದು ಗಟ್ಟಿಯಾಗಿ ಓದಿದರು: "ತನ್ನ ಸರದಿಯನ್ನು ಯಾರೂ ಯಾರಿಗೂ ಕೊಡತಕ್ಕದ್ದಲ್ಲ. ಕೊಟ್ಟರೆ ಇಬ್ಬರಿಗೂ ಒಂದೊಂದು ತಪ್ಪು."

"ಇಬ್ಬರಿಗೂ ಯಾಕ್ರಿ?" ಎಂದ ಸಿದ್ದರಾಯ.

"ನೀ ತಗೋಬಾರದು ಅಂತ."

ಅನೂಪ ಮೊದಲು ಹೋದ. ಪ್ರತಿ ಟ್ರಿಕ್ಕಿಗೂ ಮುಂಚೆ ಹಿಂತಿರುಗಿ ನೋಡಿ, "ಮಾಡ್ಲ್ಯಾರಿ?" ಎಂದು ಕೇಳಿದ. ಐದನೇ ಸಲ ಕೇಳಿದಾಗ ಸಿದ್ದರಾಯನೇ "ಮಾಡೋ ಯಪ್ಪಾ" ಎಂದು ಬೇಡಿಕೊಂಡ. ಆ ಆಟ ಅನೂಪ ಗೆದ್ದ. ಅವನಿಗೆ ಅದೃಷ್ಟ ಎಂದು ಎಲ್ಲರೂ ಹೇಳಿದರು, ಅವನೂ ಹೇಳಿದ.

ಸಾಲಿಗೆ ನಿಯಮ ಬಂದಮೇಲೆ ಉಳಿದದ್ದಕ್ಕೆಲ್ಲ ನಿಯಮ ಬೇಕಾಯಿತು. ಹದಿನೆಂಟರ ಬೆಳಿಗ್ಗೆ ಸಿದ್ದರಾಯ, ಪೂರ್ವಕ್ಕೆ ಮುಖ ಮಾಡಿ ಹೋಗುವವರ ಕಣ್ಣಿಗೆ ಬಿಸಿಲು ಹೊಡೆಯುತ್ತದೆ, ಅದು ಅನ್ಯಾಯ ಎಂದ. ಎಲ್ಲರೂ ಪಶ್ಚಿಮಕ್ಕೆ ಹೋಗುವುದೆಂದಾಯಿತು. ಆಗ ಇಳಿಯುವ ಜಾಗದಲ್ಲಿ ಗಚ್ಚು ಒಡೆದಿದೆ ಎಂದು ಧನಶ್ರೀ ತೋರಿಸಿದಳು. ಬೆರಳಗಲದ ಬಿರುಕು, ಮೂರು ಅಡಿ ಉದ್ದ. ಆಮೇಲೆ ಕೈ ನೆಲಕ್ಕೆ ತಾಗಿದರೆ ತಪ್ಪೋ ಅಲ್ಲವೋ, ತಾಗಿದೆ ಎಂದು ಹೇಳುವವರು ಯಾರು, ಬೆರಳ ತುದಿ ತಾಗಿದರೆ ಕೈ ತಾಗಿದಂತೆಯೇ ಎನ್ನುವ ವಾದ; ಬೆರಳು ತಾಗಿದರೂ ತಪ್ಪು ಎಂದಾಯಿತು. ಇಪ್ಪತ್ತೈದರ ಹೊತ್ತಿಗೆ ಮಾಸ್ತರರ ಪಟ್ಟಿಯ ಹಿಂಬದಿ ತುಂಬಿ ಎರಡನೇ ಹಾಳೆ ಬಂದಿತ್ತು. ಹದಿನಾಲ್ಕು ನಿಯಮ. ಸೈಕಲ್ ಓಟದಲ್ಲಿ ಗೆರೆ ದಾಟಿದವರು ಗೆದ್ದರು, ಮಾತು ಮುಗಿಯಿತು ಎಂದು ಅವರು ಎರಡು ಸಲ ಹೇಳಿದರು. ಪ್ರತಿ ವಾದದಲ್ಲೂ ಎಲ್ಲರೂ ಹೀನಾಳ ಮುಖ ನೋಡುತ್ತಿದ್ದರು, ಇದನ್ನು ಶುರು ಮಾಡಿದವಳು ನೀನೇ ಎನ್ನುವಂತೆ.

"ನನ್ನ ಕಥಿ ಕೇಳ್ರಿ," ಎಂದಳು ಧನಶ್ರೀ. "ಅನ್ಯಾಯ ಇದ್ದಾಗ ಏಳ ಗೆದ್ದಿದ್ದೆ. ನ್ಯಾಯ ಬಂದ ಮ್ಯಾಲೆ ಒಂದೂ ಇಲ್ಲ."

ಅವಳ ಮಾತು ನಿಜ. ಜೂನ್ ಒಂದರ ಬೆಳಿಗ್ಗೆ, ಏಳು ಆಟ ಮುಗಿದಾಗ, ಹೀನಾ ಮೂರು, ಅನೂಪ ಮೂರು, ಸಿದ್ದರಾಯ ಒಂದು, ಧನಶ್ರೀ ಸೊನ್ನೆ. ಸಿದ್ದರಾಯ ಹುಬ್ಬಳ್ಳಿಯ ಆಸೆ ಬಿಟ್ಟಿದ್ದ. ಮೊದಲು ನಿಂತ ಎರಡು ಆಟದಲ್ಲಿ ಒಂದನ್ನು ಗೆದ್ದಿದ್ದ, ಉಳಿದ ಐದರಲ್ಲಿ ಒಂದನ್ನೂ ಇಲ್ಲ. ಇದನ್ನು ಅವನಿಗೆ ಹೀನಾ ಹೇಳಲಿಲ್ಲ. ಅವನೇ ಎಣಿಸಿಕೊಂಡು, "ನಿನ್ನ ಪುಸ್ತಕ ಖರೆ ಐತಿ ಬಿಡು" ಎಂದ.

ಎಂಟನೇ ಆಟ ಹೀನಾಳಿಂದ ಶುರು. ಆಮೇಲೆ ಧನಶ್ರೀ, ಅನೂಪ, ಸಿದ್ದರಾಯ. ಎಂಟು ಗಂಟೆ ಹತ್ತು ನಿಮಿಷ. ಮೊದಲು ನಿಲ್ಲುವುದರ ಲಾಭ ಎಷ್ಟೆಂದು ಆ ಅಂಗಳದಲ್ಲಿ ಅವಳಷ್ಟು ನಿಖರವಾಗಿ ಬಲ್ಲವರು ಬೇರೆ ಇರಲಿಲ್ಲ. ಆ ಲಾಭ ಈಗ ಅವಳ ಕೈಯಲ್ಲಿತ್ತು, ಚೀಟಿಯಿಂದ, ನ್ಯಾಯವಾಗಿ ಬಂದದ್ದು.

ಬೋರ್ಡಿನ ಸಮೇತ ನೆಗೆಯುವುದು. ಆಯಿತು, ಎಲ್ಲರೂ ಮಾಡಿದರು. ನೆಗೆದು ಕಾಲಡಿ ಬೋರ್ಡನ್ನು ಉದ್ದಕ್ಕೆ ಒಂದು ಸುತ್ತು ಹೊರಳಿಸಿ ಮತ್ತೆ ಅದರ ಮೇಲೆ ಇಳಿಯುವುದು. ಧನಶ್ರೀಗೆ ಒಂದು ತಪ್ಪು. ಬೋರ್ಡನ್ನು ಅಡ್ಡ ಅರ್ಧ ಸುತ್ತು ತಿರುಗಿಸುವುದು. ಸಿದ್ದರಾಯನಿಗೆ ಒಂದು. ಎರಡನ್ನೂ ಕೂಡಿಸಿ ಒಮ್ಮೆಗೇ. ಧನಶ್ರೀಗೆ ಎರಡು, ಸಿದ್ದರಾಯನಿಗೆ ಎರಡು, ಅನೂಪನಿಗೆ ಒಂದು. ಹೀನಾ ಹೀಗೆ ಏಳು ಟ್ರಿಕ್ ತೋರಿಸಿದಳು. ಎಂಟನೆಯದರಲ್ಲಿ ಹಿಂಗಾಲು ಜಾರಿತು. ಆಗ ಧನಶ್ರೀಗೆ ನಾಲ್ಕು ತಪ್ಪು, ಸಿದ್ದರಾಯನಿಗೆ ನಾಲ್ಕು, ಅನೂಪನಿಗೆ ಮೂರು, ಅವಳಿಗೆ ಒಂದೂ ಇಲ್ಲ.

ಧನಶ್ರೀ ತೋರಿಸಹೋಗಿ ಎಡವಿದಳು. ಸರದಿ ಅನೂಪನಿಗೆ.

ಅವನು "ಮಾಡ್ಲ್ಯಾರಿ" ಎಂದು ಕೇಳಲಿಲ್ಲ. ಬೋರ್ಡನ್ನು ತಿರುಗಿಸಿ ಇಟ್ಟು, ಎಲ್ಲರೂ ಹಿಂದೆ ಇಡುವ ಕಾಲನ್ನು ಮುಂದೆ ಇಟ್ಟು, ಬೋರ್ಡು ಓಡಿಸಿಕೊಂಡು ಬಂದು, ನೆಗೆದು ಬೋರ್ಡನ್ನು ಹೊರಳಿಸಿ ಇಳಿದ. ನೋಡುವುದಕ್ಕೆ ಹೀನಾ ಮಾಡಿದ ಟ್ರಿಕ್ಕೇ, ಕನ್ನಡಿಯಲ್ಲಿ, ಹಿಮ್ಮುಖವಾಗಿ. ಇದು ಹಳೆಯ ಟ್ರಿಕ್ಕೋ ಹೊಸದೋ ಎಂದು ಮಾಸ್ತರರು ಎರಡನೇ ಹಾಳೆ ತೆಗೆದು ಹುಡುಕಿದರು. ಒಂಬತ್ತನೇ ನಿಯಮ: ಕಾಲು ಬದಲಾದರೆ ಹೊಸ ಟ್ರಿಕ್. ಅದನ್ನು ಹದಿನೆಂಟನೇ ತಾರೀಖು ಬರೆಸಿದವಳು ಹೀನಾ.

ಸಿದ್ದರಾಯ ಹೊರಗೆ. ಧನಶ್ರೀ ಹೊರಗೆ. ಹೀನಾಳಿಗೆ ಒಂದು.

ಮುಂದಿನದು ಬೋರ್ಡಿನ ಮೂತಿಯನ್ನು ಒತ್ತಿ ನೆಗೆದು ಹಿಂದಕ್ಕೆ ತಿರುಗಿಸಿದ್ದು. ಎರಡು. ಇನ್ನೊಂದಕ್ಕೆ ಹೆಸರೇ ಇರಲಿಲ್ಲ. ಬೋರ್ಡು ಒಮ್ಮೆ ಅವನ ಬೆನ್ನ ಹಿಂದೆ ಹೋಗಿ ಬಂತು. ಮೂರು. ನಾಲ್ಕನೆಯದನ್ನು ಹೀನಾ ಹೆಚ್ಚುಕಡಿಮೆ ಇಳಿದಳು. ಎರಡೂ ಕಾಲು ಬೋರ್ಡಿನ ಮೇಲೆ, ಒಂದು ಬೆರಳು ನೆಲದ ಮೇಲೆ. ಎಲ್ಲರೂ ನೋಡಿದ್ದರು. ನಾಲ್ಕು. ಐದನೆಯದಕ್ಕೆ ಅವಳು ಬಹಳ ಹೊತ್ತು ನಿಂತು, ಉಸಿರೆಳೆದು, ಸರಿಯಾಗಿ ನೆಗೆದು, ತಪ್ಪಾಗಿ ಇಳಿದಳು.

ಮಾಸ್ತರರು ಅನೂಪನ ಹೆಸರಿನ ಮುಂದೆ ನಾಲ್ಕು ಎಂದು ಬರೆದು, ಅಡಿಯಲ್ಲಿ ಗೆರೆ ಎಳೆದರು. ಹುಬ್ಬಳ್ಳಿಯ ಅರ್ಜಿಯನ್ನು ಚೀಲದಿಂದ ತೆಗೆದು ಅವನ ಜನ್ಮದಿನಾಂಕ ಕೇಳಿದರು. ಅವನು ಹೇಳಿದ. ಆಧಾರ್ ನಂಬರು ಕೇಳಿದರು. ಅದನ್ನೂ ಹೇಳಿದ.

"ನೋಡ ಹೀನಾ," ಎಂದ ಸಿದ್ದರಾಯ, "ಎಲ್ಲೆರೆ ತಪ್ಪ ಐತೇನು. ಇದ್ರ ಈಗ ಹೇಳು."

ಚೇಷ್ಟೆಗೆ ಹೇಳಿದ್ದು. ಆದರೆ ಅವಳು ನಿಜವಾಗಿಯೂ ನೋಟ್‌ಬುಕ್ ತೆಗೆದು ನೋಡಿದಳು. ಸಾಲು ಸರಿ. ದಿಕ್ಕು ಸರಿ. ಬಿರುಕನ್ನು ಎಲ್ಲರೂ ದಾಟಿದ್ದರು. ಎಂಟು ಆಟ, ಒಬ್ಬೊಬ್ಬರು ಎರಡೆರಡು ಸಲ ಮೊದಲು. ಒಂದು ತಿಂಗಳು ಜಗಳಾಡಿ ಅವಳು ಕಟ್ಟಿದ ಆಟದಲ್ಲಿ ಅವಳು ಸೋತದ್ದಕ್ಕೆ ಅವಳು ಸೋತಳು ಎನ್ನುವುದನ್ನು ಬಿಟ್ಟು ಬೇರೆ ಕಾರಣ ಇರಲಿಲ್ಲ. ಮೊದಲಾದರೆ ಸಾಲಿಗೆ ಬೈಯಬಹುದಿತ್ತು.

ಪುಸ್ತಕವನ್ನು ಕಟ್ಟೆಯ ಮೇಲೆ ಇಟ್ಟು ಅನೂಪನ ಹತ್ತಿರ ಹೋದಳು.

"ಈ ಟ್ರಿಕ್ ಎಲ್ಲಾ ಯಾವಾಗ ಕಲತಿ?"

"ಡಿಸೆಂಬರದಿಂದ ರಿ. ಕಡೀಕ ನಿಂತ್ರ ನನಗೇನೂ ಉಳೀತಿರಲಿಲ್ಲ. ನೀವೆಲ್ಲಾ ಬರೂವೆಲ್ಲಾ ಮಾಡಿ ಮುಗಿಸಿರತಿದ್ರಿ, ಹೊಳ್ಳಿ ಮಾಡೂ ಹಂಗಿಲ್ಲ. ಅದಕ್ಕ ಯಾರೂ ಮಾಡಲಾರದ್ದು ಯಾವದೈತಿ ಅಂತ ಹುಡುಕಿ ಮಾಳಿಗಿ ಮ್ಯಾಲ ಕಲತೆ."

"ಮತ್ತ ತ್ರಾಸ ಇಲ್ಲ ಅಂದಿ."

"ತ್ರಾಸ ಏನಿಲ್ರಿ. ಮೊಣಕಾಲ ಬಾತಿತ್ತು ಅಷ್ಟ."

ಹೀನಾ ಯಾರು ಗೆದ್ದರು ಎಂದು ನಲವತ್ತು ಸಲ ಬರೆದಿದ್ದಳು. ಯಾರು ಯಾವ ಟ್ರಿಕ್ ಮಾಡಿದರು ಎಂದು ಒಮ್ಮೆಯೂ ಬರೆದಿರಲಿಲ್ಲ. ಲ್ಯಾಬಿನಲ್ಲಿ ಹೊಸಬರು ಹೀಗೆ ಅರ್ಧ ವರದಿ ಬರೆದರೆ ಅವಳು ಹಾಳೆ ವಾಪಸ್ ಕೊಡುತ್ತಿದ್ದಳು.

"ಕಡೀದು ಮಾಡಿದ್ಯಲ್ಲ, ತೋರಸು."

ಅನೂಪ ಮಾಡಿ ತೋರಿಸಿದ. ಬೋರ್ಡು ಹೊರಳಿ ಬಂದು ಅವನ ಕಾಲ ಕೆಳಗೆ ತಾನೇ ಕೂತಿತು.

"ಮುಂದಿನ ಕಾಲ ಎಲ್ಲಿಟ್ಟಿ?"

"ಇಲ್ಲೇ ರಿ. ಸ್ವಲ್ಪ ಹಿಂದ."

"ಸ್ವಲ್ಪ ಅಂದ್ರ ಎಷ್ಟು? ಎರಡ ಬೆರಳು? ನಾಕ ಬೆರಳು?"

"ಅಳತಿ ನೋಡಿಲ್ರಿ. ಹಂಗ ನಿಂತ್ರ ಆಗತೈತಿ."

"ಹಂಗ ಅಂದ್ರ ಹೆಂಗ?"

"ಹಂಗ ರಿ."

"ಸಾವಕಾಶ ಮಾಡಿ ತೋರಸು."

"ಸಾವಕಾಶ ಮಾಡಿದ್ರ ಬೀಳತೇನ್ರಿ."

ಹೀನಾ ಕಣ್ಣು ಮುಚ್ಚಿ ಮೂರು ಎಣಿಸಿದಳು. ಕಟ್ಟೆಗೆ ಹೋಗಿ ಮಾಸ್ತರರ ಕೈಯಿಂದ ಪೆನ್ನು ಇಸಿದುಕೊಂಡು ಬಂದು, "ಹತ್ತಿ ನಿಂದರು. ಅಲ್ಲಾಡಬ್ಯಾಡ" ಎಂದು ಅವನ ಕಾಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಅವನ ಬೋರ್ಡಿನ ಮೇಲೆ ಬೂಟಿನ ಸುತ್ತ ಗೆರೆ ಎಳೆದಳು. ಮೊದಲು ಎಡಗಾಲು, ಆಮೇಲೆ ಬಲಗಾಲು. ತನ್ನ ಬೋರ್ಡನ್ನು ಪಕ್ಕಕ್ಕೆ ಎಳೆದು, ಗೇಣಿನಿಂದ ಅಳೆದು, ಅದರ ಮೇಲೂ ಅದೇ ಜಾಗದಲ್ಲಿ ಗೆರೆ ಹಾಕಿದಳು.

"ಬೋರ್ಡ್ ಹೊಲಸಾತು ರಿ," ಎಂದ ಅನೂಪ.

"ಸುಮ್ನಿರು."

ಒಂಬತ್ತೂಕಾಲಕ್ಕೆ ಗಚ್ಚು ಕಾದು ನಿಲ್ಲಲಾಗದಂತಾಗುವ ತನಕ ಅವಳು ಆ ಟ್ರಿಕ್ಕನ್ನು ಇಪ್ಪತ್ತಾರು ಸಲ ಮಾಡಿದಳು. ಧನಶ್ರೀ ಎಣಿಸಿದಳು. ಒಂದೂ ನಿಲ್ಲಲಿಲ್ಲ.